ಬಾಂಬಿನ ಕಸ ಮತ್ತು ಅದರ ಕೆಳಗಿನ ಅನಿಲ

(ಪಕ್ಷದ ಅಭ್ಯಾಸ ವರ್ಗದಲ್ಲಿ ಮಾಡಿದ ಭಾಷಣದ ಪಾಠ)



ಅಣ್ವಸ್ತ್ರಗಳ ವಿಷಯವಾಗಿ ಮಾತನಾಡಿರೆಂದು ನನಗೆ ಅಪ್ಪಣೆಯಾಗಿದೆ. ಹಿರೋಶಿಮಾದಿಂದ ಆರಂಭಿಸಿ ವಿಶ್ವಶಾಂತಿಯಲ್ಲಿ ಮುಗಿಸುವುದು ಇಂಥ ಭಾಷಣದ ವಾಡಿಕೆ. ಅದನ್ನು ನೀವು ಎಷ್ಟೋ ಸಲ ಕೇಳಿದ್ದೀರಿ. ನಾನು ಇಂದು ಅಮೆರಿಕದ ಒಂದು ಸಣ್ಣ ಗಣಿ ಊರಿನ ಸಂಗತಿಯನ್ನು ಹೇಳಹೊರಟಿದ್ದೇನೆ. ಅಣುಬಾಂಬಿನ ಕಾರ್ಖಾನೆಗಳಿಂದ ಬಂದ ವಿಷದ ಕಸವನ್ನು ಆ ಊರಿನ ಹೊರಗೆ ನೆಲದಡಿಯಲ್ಲಿ ಇಡುತ್ತಾರೆ. ಆ ಕಸದ ಸುತ್ತಲೂ, ಅದಕ್ಕಿಂತ ಆಳದಲ್ಲಿಯೂ, ಎಣ್ಣೆ ಮತ್ತು ಉರಿಯುವ ಅನಿಲ ತುಂಬಿದೆ. ಒಂದೇ ನೆಲದ ಮೇಲೆ ಸರಕಾರ ಎರಡು ಮಾತು ಆಡುತ್ತಿದೆ. ಕಸದ ವಿಷಯ ಬಂದರೆ, ಹತ್ತು ಸಾವಿರ ವರ್ಷ ಯಾರೂ ಇಲ್ಲಿ ಕೆದಕಬಾರದು ಎನ್ನುತ್ತದೆ. ಅನಿಲದ ವಿಷಯ ಬಂದರೆ, ಪಕ್ಕದಲ್ಲೇ ತೋಡಲು ಕಂಪೆನಿಗಳಿಗೆ ಗುತ್ತಿಗೆ ಕೊಡುತ್ತದೆ. ಇದನ್ನು ಕಂಡ ಜನ ಹೆದರಿದರು. ಹೆದರಿದವರನ್ನು ತಿಳಿಗೇಡಿಗಳೆಂದು ಕರೆಯಲಾಯಿತು. ಅವರು ತಿಳಿಗೇಡಿಗಳೇ ಎಂಬುದಷ್ಟೇ ನನ್ನ ಪ್ರಶ್ನೆ.

ಮೊದಲು ಒಂದು ತಪ್ಪು ಕಲ್ಪನೆಯನ್ನು ತೆಗೆದುಬಿಡೋಣ. ಅನಿಲಕ್ಕೆ ಬೆಂಕಿ ಬಿದ್ದರೆ ಅಣುಬಾಂಬು ಸಿಡಿಯುತ್ತದೆಯೇ? ಇಲ್ಲ. ಅಣುಸ್ಫೋಟ ಹಾಗೆ ಆಗುವುದಿಲ್ಲ. ಮೇಲಾಗಿ ನಾನು ಹೇಳುವ ಜಾಗದಲ್ಲಿ ಬಾಂಬುಗಳಿಲ್ಲ. ಅಲ್ಲಿರುವುದು ಬಾಂಬು ಮಾಡಿದವರ ಕೈಗವಸು, ಉಡುಪು, ಸಲಕರಣೆ, ಒರೆಸಿದ ಬಟ್ಟೆ, ಉಳಿದ ರಾಡಿ. ಗಿರಣಿಯಲ್ಲಿ ಯಂತ್ರ ಒರೆಸಿ ಬಿಸಾಡುವ ಹತ್ತಿಯ ವೇಸ್ಟನ್ನು ನೆನೆಸಿಕೊಳ್ಳಿ. ನಮ್ಮ ವೇಸ್ಟಿಗೆ ಎಣ್ಣೆ ಅಂಟಿರುತ್ತದೆ, ಅವರದಕ್ಕೆ ಪ್ಲುಟೋನಿಯಂ ಅಂಟಿದೆ. ಈ ಪ್ಲುಟೋನಿಯಂ ಅರ್ಧಕ್ಕೆ ಇಳಿಯಲು ಸುಮಾರು 24,000 ವರ್ಷ ಬೇಕು. ಅದರ ಧೂಳು ಉಸಿರಿನೊಡನೆ ಒಳಗೆ ಹೋದರೆ ಶ್ವಾಸಕೋಶದಲ್ಲಿ ಕುಳಿತು ಕ್ಯಾನ್ಸರಿಗೆ ದಾರಿ ಮಾಡಬಲ್ಲದು.

ಈ ಕಸವನ್ನು ಎಲ್ಲಿ ಇಡಬೇಕೆಂಬ ಚಿಂತೆ ಬಾಂಬು ಮಾಡಿದ ಮೇಲೆ ಹುಟ್ಟಿತು. ಮೊದಲೇ ಹುಟ್ಟಬೇಕಿತ್ತು, ಇರಲಿ. 1957ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯು ನೆಲದಾಳದ ಉಪ್ಪಿನ ಪದರವೇ ಒಳ್ಳೆಯದೆಂದು ಹೇಳಿತು. ಕಾರಣ ಸರಳ. ನೀರು ಹರಿದಿದ್ದರೆ ಉಪ್ಪು ಕರಗಿ ಹೋಗಿರುತ್ತಿತ್ತು. ಕೋಟಿಗಟ್ಟಲೆ ವರ್ಷ ಉಳಿದಿದೆಯೆಂದರೆ ಅಲ್ಲಿ ನೀರಿನ ಓಡಾಟವಿಲ್ಲ ಎಂದು ಅರ್ಥ. ಜೊತೆಗೆ ಆಳದ ಉಪ್ಪು ಭಾರಕ್ಕೆ ನಿಧಾನವಾಗಿ ಸರಿಯುತ್ತದೆ. ಅದರಲ್ಲಿ ಕೋಣೆ ಕೊರೆದು ಬಿಟ್ಟರೆ ಕಾಲಕ್ರಮದಲ್ಲಿ ತಾನೇ ಮುಚ್ಚಿಕೊಂಡು ಕಸವನ್ನು ಅಪ್ಪಿ ಹಿಡಿಯುತ್ತದೆ. ಯೋಚನೆ ಕೆಟ್ಟದ್ದಲ್ಲ. ಆದರೆ ಒಂದು ತೊಡಕು. ಇಂಥ ಉಪ್ಪಿನ ಪದರಗಳಿರುವ ನೆಲದಲ್ಲಿ ಅನೇಕ ಕಡೆ ಎಣ್ಣೆಯೂ ಅನಿಲವೂ ಸಿಗುತ್ತವೆ.

ಈ ತೊಡಕು ಮೊದಲು ಕಾಣಿಸಿದ್ದು ಕಾನ್ಸಾಸ್ ರಾಜ್ಯದ ಲಯನ್ಸ್ ಎಂಬ ಊರಿನಲ್ಲಿ. 1969ರ ಮೇ ತಿಂಗಳಲ್ಲಿ ಕೊಲೊರಾಡೊ ರಾಜ್ಯದ ರಾಕಿ ಫ್ಲ್ಯಾಟ್ಸ್ ಬಾಂಬು ಕಾರ್ಖಾನೆಯಲ್ಲಿ ದೊಡ್ಡ ಬೆಂಕಿಯಾಯಿತು. ಅದರ ಕಸವೆಲ್ಲ ಐಡಹೊ ರಾಜ್ಯಕ್ಕೆ ಹೋಯಿತು. ಐಡಹೊದವರು, ಇದೇನು ನಮ್ಮ ಅಂಗಳ ನಿಮ್ಮ ತಿಪ್ಪೆಯೇ ಎಂದು ಎದ್ದು ನಿಂತರು. ಆಗ ಅಣುಶಕ್ತಿ ಆಯೋಗಕ್ಕೆ ಅವಸರವಾಯಿತು. 1970ರಲ್ಲಿ ಲಯನ್ಸಿನ ಹಳೆಯ ಉಪ್ಪಿನ ಗಣಿಯೇ ಸೂಕ್ತವೆಂದು ಸಾರಿತು. ಭಯಪಡಲು ಏನೂ ಇಲ್ಲವೆಂದೂ ಹೇಳಿತು. ಆ ರಾಜ್ಯದ ಭೂಗರ್ಭ ಇಲಾಖೆಯ ಮುಖ್ಯಸ್ಥ ವಿಲಿಯಂ ಹ್ಯಾಂಬಲ್ಟನ್ ಒಪ್ಪಲಿಲ್ಲ. ಪಾರ್ಲಿಮೆಂಟಿನ ಸದಸ್ಯ ಜೋ ಸ್ಕುಬಿಟ್ಜ್ ಊರೂರಿನಲ್ಲಿ ಗದ್ದಲವೆಬ್ಬಿಸಿದರು. ಕೊನೆಗೆ ಕಂಡದ್ದೇನು? ಎಣ್ಣೆ ಮತ್ತು ಅನಿಲಕ್ಕಾಗಿ ಹಿಂದಿನವರು ಕೊರೆದು ಬಿಟ್ಟುಹೋದ ಹಳೆಯ ತೂತುಗಳು ಆ ನೆಲದ ತುಂಬ ಇದ್ದವು. ಪಕ್ಕದ ಇನ್ನೊಂದು ಉಪ್ಪಿನ ಕಂಪೆನಿ ತನ್ನ ಬಾವಿಗೆ ತುಂಬಿದ ಒಂದೂವರೆ ಲಕ್ಷ ಗ್ಯಾಲನ್ನಿಗೂ ಹೆಚ್ಚು ನೀರು ಎಲ್ಲಿ ಹೋಯಿತೆಂದೇ ಪತ್ತೆಯಾಗಲಿಲ್ಲ. 1972ರಲ್ಲಿ ಆಯೋಗ ಲಯನ್ಸನ್ನು ಕೈಬಿಟ್ಟಿತು. ಜನರ ಭಯ ಸರಿಯಾಗಿತ್ತು, ಪರಿಣತರ ಭರವಸೆ ತಪ್ಪಾಗಿತ್ತು. ಇದು ದಾಖಲೆಯಲ್ಲಿರುವ ಮಾತು.

ಈಗ ಕಾರ್ಲ್ಸ್‌ಬ್ಯಾಡಿಗೆ ಬರೋಣ. ನ್ಯೂ ಮೆಕ್ಸಿಕೊ ರಾಜ್ಯದ ಆಗ್ನೇಯ ಮೂಲೆ, ಮಳೆ ಕಾಣದ ಬಯಲು ನಾಡು. 1925ರಲ್ಲಿ ಎಣ್ಣೆಗೆಂದು ಕೊರೆದ ಬಾವಿಯಲ್ಲಿ ಅಲ್ಲಿ ಪೊಟ್ಯಾಷ್ ಸಿಕ್ಕಿತು. ಗೊಬ್ಬರದಂಗಡಿ ಇಟ್ಟಿರುವ ಬಂಧುಗಳಿಗೆ ಪೊಟ್ಯಾಷ್ ಎಂದರೇನೆಂದು ನಾನು ಹೇಳಬೇಕಾಗಿಲ್ಲ. 1931ರಿಂದ ಗಣಿಗಳು ನಡೆದವು, ಊರು ಬೆಳೆಯಿತು. 1960ರ ದಶಕದಲ್ಲಿ ಕೆನಡಾದ ಅಗ್ಗದ ಪೊಟ್ಯಾಷ್ ಬಂದಿತು. ಗಣಿಗಳಲ್ಲಿ ಆಳು ಕಡಿಮೆ ಮಾಡತೊಡಗಿದರು. ಗಿರಣಿ ಮುಚ್ಚಿದ ಊರಿನ ಸ್ಥಿತಿ ನಿಮಗೆ ಗೊತ್ತಿದೆ. ಮೊದಲು ಕೆಲಸಗಾರನ ಮನೆಯ ಒಲೆ ಆರುತ್ತದೆ, ಮೂರು ತಿಂಗಳಿಗೆ ಕಿರಾಣಿ ಅಂಗಡಿಯ ಉದ್ದರಿ ಪುಸ್ತಕ ತುಂಬುತ್ತದೆ, ಆರು ತಿಂಗಳಿಗೆ ಅಂಗಡಿಯೇ ಬಾಗಿಲು ಹಾಕುತ್ತದೆ. ಲಯನ್ಸ್ ಬೇಡವೆಂದ ಕಸವನ್ನು, ನಮ್ಮಲ್ಲೂ ಉಪ್ಪಿದೆ, ಇಲ್ಲಿಗೆ ಬನ್ನಿ ಎಂದು ಕಾರ್ಲ್ಸ್‌ಬ್ಯಾಡಿನ ಮುಖಂಡರು ತಾವಾಗಿಯೇ ಕರೆದರು.

ಆ ಊರಿನವರನ್ನು ಹಂಗಿಸಲು ನಾನಿದನ್ನು ಹೇಳುತ್ತಿಲ್ಲ. ನಮ್ಮ ಕೆಲವು ವಿದ್ಯಾವಂತ ಮಿತ್ರರು ಹಾಗೆ ಹಂಗಿಸುವುದನ್ನು ಕೇಳಿದ್ದೇನೆ. ಕಸ ಹೂಳುವ ಊರಿನಲ್ಲಿ ವಿರೋಧ ಕಡಿಮೆ, ಕಸದ ಲಾರಿ ಹಾದುಹೋಗುವ ಸಾಂತಾ ಫೆಯಂಥ ಅನುಕೂಲಸ್ಥ ಪಟ್ಟಣದಲ್ಲಿ ವಿರೋಧ ಹೆಚ್ಚು ಎಂಬುದು ಅಲ್ಲಿ ನಿಜವಾಗಿಯೂ ನಡೆದ ಸಂಗತಿ. ಸಾಂತಾ ಫೆಗೆ ಊರು ಬಳಸಿ ಹೋಗುವ ರಸ್ತೆ ಸಿಕ್ಕಿತು. ಕಾರ್ಲ್ಸ್‌ಬ್ಯಾಡಿಗೆ ಕೆಲಸ ಸಿಕ್ಕಿತು. ಹೆದರುವುದಕ್ಕೂ ಒಂದಿಷ್ಟು ಅನುಕೂಲ ಬೇಕು ಎಂಬುದನ್ನು ಬಂಡವಾಳಶಾಹಿ ಚೆನ್ನಾಗಿ ಬಲ್ಲದು. ಕೂಲಿಯಿಲ್ಲದ ಊರನ್ನು ಹುಡುಕಿ ಅಲ್ಲಿಗೆ ವಿಷವನ್ನು ತರುವುದು ಅದಕ್ಕೆ ಸುಲಭ.

ಆದರೂ ನ್ಯೂ ಮೆಕ್ಸಿಕೊದ ಜನ ಸುಮ್ಮನೆ ನಂಬುವಂತಿರಲಿಲ್ಲ. ಅನಿಲವನ್ನೂ ಅಣುಬಾಂಬನ್ನೂ ಒಟ್ಟಿಗೆ ಸೇರಿಸಿದ ಅನುಭವ ಅವರಿಗೆ ಮೊದಲೇ ಆಗಿತ್ತು. 1961ರ ಡಿಸೆಂಬರ್ 10ರಂದು, ಇದೇ ಕಾರ್ಲ್ಸ್‌ಬ್ಯಾಡಿನ ಹೊರಗೆ, ಇದೇ ಉಪ್ಪಿನ ಪದರದಲ್ಲಿ 3.1 ಕಿಲೊಟನ್ ಬಾಂಬನ್ನು ಸಿಡಿಸಿದರು. ಅಣುಸ್ಫೋಟವನ್ನು ಶಾಂತಿಯ ಕೆಲಸಕ್ಕೆ ಬಳಸುವ ಯೋಜನೆ ಅದು, 'ನೋಮ್' ಎಂದು ಕರೆದರು. ಸ್ಫೋಟ ಒಳಗೇ ಅಡಗಿರುವುದೆಂದು ಹೇಳಿದ್ದರು. ವಿಕಿರಣ ತುಂಬಿದ ಉಗಿ ಹೊರಕ್ಕೆ ಚಿಮ್ಮಿತು. ಆರು ವರ್ಷಗಳಾದ ಮೇಲೆ, ಅದೇ ಡಿಸೆಂಬರ್ 10ರಂದು, ರಾಜ್ಯದ ವಾಯವ್ಯ ಮೂಲೆಯ ಅನಿಲದ ನೆಲದಲ್ಲಿ 4,240 ಅಡಿ ಆಳಕ್ಕೆ 29 ಕಿಲೊಟನ್ ಬಾಂಬನ್ನು ಇಳಿಸಿ ಸಿಡಿಸಿದರು. ಬಂಡೆ ಪುಡಿಯಾದರೆ ಅದರೊಳಗಿನ ಅನಿಲ ಸುಲಭವಾಗಿ ಬರುತ್ತದೆಂಬ ಲೆಕ್ಕ. ಎಲ್ ಪಾಸೊ ನ್ಯಾಚುರಲ್ ಗ್ಯಾಸ್ ಕಂಪೆನಿ ಇದರಲ್ಲಿ ಪಾಲುದಾರ. ಅನಿಲ ಬಂದಿತು. ಟ್ರಿಟಿಯಂ, ಕ್ರಿಪ್ಟಾನ್ ಎಂಬ ವಿಕಿರಣ ವಸ್ತುಗಳೂ ಅದರ ಜೊತೆಗೇ ಬಂದವು. ಯಾವ ಮನೆಯ ಒಲೆಗೂ ಕೊಡಲಾಗದ ಅನಿಲವದು.

ಇಷ್ಟಕ್ಕೆ ಬಿಟ್ಟರೇ? 1969ರಲ್ಲಿ ಮತ್ತು 1973ರಲ್ಲಿ ಕೊಲೊರಾಡೊದಲ್ಲಿ ಮತ್ತೆ ಹಾಗೆಯೇ ಮಾಡಿದರು. 1973ರಲ್ಲಿ ಒಂದೇ ಬಾವಿಯಲ್ಲಿ ಮೂರು ಬಾಂಬು. ಪೆನ್ಸಿಲ್ವೇನಿಯಾದಲ್ಲಿ ಅನಿಲ ಶೇಖರಿಸಲು ಅಣುಬಾಂಬಿನಿಂದ ಗುಹೆ ಮಾಡುವ ಯೋಜನೆ ಹಾಕಿದ್ದರು. ಅಲ್ಲಿಯ ಜನ ಎದ್ದು ನಿಂತದ್ದರಿಂದ 1968ರಲ್ಲಿ ಅದು ಬಿದ್ದುಹೋಯಿತು. ಕೊಲೊರಾಡೊದ ಮತದಾರರು 1974ರಲ್ಲಿ ತಮ್ಮ ರಾಜ್ಯದ ಸಂವಿಧಾನವನ್ನೇ ತಿದ್ದಿದರು. ಇನ್ನು ಮೇಲೆ ಜನರ ಮತವಿಲ್ಲದೆ ಆ ನೆಲದಲ್ಲಿ ಅಣುಸ್ಫೋಟ ಮಾಡುವಂತಿಲ್ಲ. ಮತಪೆಟ್ಟಿಗೆಯಿಂದ ಬಾಂಬನ್ನು ತಡೆದವರು ಇವರು.

ರಶಿಯಾದವರೂ ಇದೇ ಕೆಲಸ ಮಾಡಿದ್ದಾರೆ ಎಂಬುದನ್ನು ಮುಚ್ಚಿಡಲು ನಾವು ಕಮ್ಯುನಿಸ್ಟರಲ್ಲ. ಉಜ್ಬೆಕಿಸ್ತಾನದ ಉರ್ತಾ ಬುಲಾಕಿನಲ್ಲಿ 1963ರಿಂದ ಸುಮಾರು ಮೂರು ವರ್ಷ ಒಂದು ಅನಿಲ ಬಾವಿ ಹೊತ್ತಿ ಉರಿಯಿತು. 1966ರ ಸೆಪ್ಟೆಂಬರ್ 30ರಂದು ನೆಲದಡಿ 30 ಕಿಲೊಟನ್ ಬಾಂಬನ್ನು ಸಿಡಿಸಿ ಅದನ್ನು ನಂದಿಸಿದರು. ಬೆಂಕಿ ಆರಿತು, ಸರಿ. ಆದರೆ ಅಲ್ಲಿಯ ಕುರಿಗಾಹಿಯನ್ನು ಯಾರೂ ಮತ ಕೇಳಲಿಲ್ಲ.

ಕಾರ್ಲ್ಸ್‌ಬ್ಯಾಡಿನ ಜನರಿಗೆ ಇನ್ನೊಂದು ಕಾರಣವೂ ಇತ್ತು. 1975ರಲ್ಲಿ ಮೊದಲು ಆರಿಸಿದ್ದ ಜಾಗದಲ್ಲಿ ಪರೀಕ್ಷೆಯ ಬಾವಿ ಕೊರೆದಾಗ ಉಪ್ಪಿನ ಕೆಳಗಿನ ಪದರದಿಂದ ಒತ್ತಡದಲ್ಲಿದ್ದ ಉಪ್ಪುನೀರು, ಅದರೊಡನೆ ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಮೇಲೆ ಬಂದವು. ಒಣ ನೆಲವೆಂದು ಹೇಳಿದ ಕಡೆ ನೀರು! ಜಾಗವನ್ನು ಕೆಲವು ಮೈಲಿ ಸರಿಸಿದರು. ಹೊಸ ಜಾಗದಲ್ಲಿ 1981ರಲ್ಲಿ ಇನ್ನೊಂದು ಬಾವಿಯನ್ನು ಆಳ ಮಾಡಿದಾಗ ಅಲ್ಲೂ ಅಂಥದೇ ಉಪ್ಪುನೀರು ಚಿಮ್ಮಿತು. ಈ ಸಲ ಜಾಗ ಸರಿಸಲಿಲ್ಲ. ಕಸದ ಕೋಣೆಗಳ ದಿಕ್ಕನ್ನಷ್ಟೇ ಬದಲಿಸಿ ಮುಂದುವರಿದರು.

ಇಲ್ಲಿ ನಿಜವಾದ ಅಪಾಯ ಯಾವುದೆಂಬುದನ್ನು ಗಮನವಿಟ್ಟು ಕೇಳಿ. ಕಸ ಇರುವುದು 2,150 ಅಡಿ ಆಳದ ಉಪ್ಪಿನಲ್ಲಿ. ಅದಕ್ಕಿಂತ ಕೆಳಗೆ ಒತ್ತಡದ ಉಪ್ಪುನೀರು. ಅದಕ್ಕೂ ಕೆಳಗೆ ಎಣ್ಣೆ ಮತ್ತು ಅನಿಲ. ಇನ್ನು ಇನ್ನೂರೋ ಐನೂರೋ ವರ್ಷಗಳಾದ ಮೇಲೆ, ಕಸದ ನೆನಪೇ ಅಳಿದುಹೋದ ಕಾಲದಲ್ಲಿ, ಅನಿಲದಾಸೆಗೆ ಒಬ್ಬ ಕೊಳವೆ ಇಳಿಸುತ್ತಾನೆ. ಕೊಳವೆ ಕಸವನ್ನು ತೂರಿ ಕೆಳಗಿನ ನೀರಿನ ಬುಗ್ಗೆಯನ್ನು ತಾಗುತ್ತದೆ. ನೀರು ಅದೇ ತೂತಿನಿಂದ ಪ್ಲುಟೋನಿಯಂ ಕಸವನ್ನು ತೊಳೆದುಕೊಂಡು ಮೇಲೇರುತ್ತದೆ. ಇದು ಬೀದಿಯ ಗಾಳಿಮಾತಲ್ಲ. ಅಲ್ಲಿಯ ಪರಿಸರ ಇಲಾಖೆಯ ನಿಯಮದಲ್ಲಿಯೇ ಈ ಲೆಕ್ಕ ಮಾಡಬೇಕೆಂದು ಬರೆದಿದೆ. ಕಳೆದ ನೂರು ವರ್ಷಗಳಲ್ಲಿ ಆ ಸೀಮೆಯಲ್ಲಿ ಎಷ್ಟು ಆಳದ ತೂತು ಕೊರೆದರೋ ಅದೇ ವೇಗದಲ್ಲಿ ಮುಂದೆಯೂ ಕೊರೆಯುತ್ತಾರೆಂದು ಹಿಡಿಯಬೇಕು. 1996ರ ಅರ್ಜಿಯಲ್ಲಿ ಈ ಸಂಖ್ಯೆ, ಒಂದು ಚದರ ಕಿಲೊಮೀಟರಿಗೆ ಹತ್ತು ಸಾವಿರ ವರ್ಷಗಳಲ್ಲಿ, ಸುಮಾರು 47 ತೂತು. 2014ರ ಅರ್ಜಿಗೆ ಅದು 67 ಆಗಿತ್ತು. ಬಂಡೆಯನ್ನು ನೀರಿನ ಒತ್ತಡದಿಂದ ಒಡೆದು ಅನಿಲ ತೆಗೆಯುವ ಹೊಸ ವಿದ್ಯೆ ಬಂದ ಮೇಲೆ ಆ ಸೀಮೆಯಲ್ಲಿ ಬಾವಿಗಳ ಸಂತೆಯೇ ನೆರೆಯಿತು. ಸಂಖ್ಯೆ ಏರುತ್ತಲೇ ಹೋಯಿತು. ಹದಿನೆಂಟು ವರ್ಷಗಳಲ್ಲಿ ಇಷ್ಟು ತಪ್ಪಿದ ಲೆಕ್ಕ ಹತ್ತು ಸಾವಿರ ವರ್ಷಕ್ಕೆ ನಿಲ್ಲುತ್ತದೆಯೇ? ನಮ್ಮ ಪೇಟೆಯಲ್ಲಿ ಯಾವ ಸಾಹುಕಾರನೂ ಇಂಥ ಅಂದಾಜಿನ ಮೇಲೆ ಸಾಲ ಕೊಡಲಾರ.

1992ರಲ್ಲಿ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿ ಆ ಜಾಗದ 16 ಚದರ ಮೈಲಿಯನ್ನು ಇತರ ಬಳಕೆಯಿಂದ ತೆಗೆದಿಟ್ಟಿತು. ಅಲ್ಲಿ ಯಾರೂ ಕೊರೆಯಬಾರದು. ಆದರೆ ಕಾಯಿದೆಯೊಳಗೆ ಒಂದು ಕಿಂಡಿ ಉಳಿಯಿತು. ಒಂದು ಮೂಲೆಯಲ್ಲಿ ಎರಡು ಹಳೆಯ ಎಣ್ಣೆ-ಅನಿಲದ ಗುತ್ತಿಗೆಗಳಿದ್ದವು. 6,000 ಅಡಿಗಿಂತ ಕೆಳಗೆ ಅವು ಹಾಗೆಯೇ ಇರಲಿ ಎಂದಿತು. 1980ರ ದಶಕದಲ್ಲಿ ಗಡಿಯ ಹೊರಗಿನಿಂದ ಓರೆಯಾಗಿ ಕೊರೆದ ಒಂದು ಅನಿಲ ಬಾವಿ ಆ ಮೂಲೆಯ ಅಡಿಗೆ ಆಗಲೇ ಹೋಗಿತ್ತು. ಆ ಗುತ್ತಿಗೆಗಳನ್ನು ಸರಕಾರ ಕೊಂಡುಕೊಳ್ಳುವ ಅಗತ್ಯವಿಲ್ಲವೆಂದು 1998ರಲ್ಲಿ ಪರಿಸರ ಇಲಾಖೆ ತೀರ್ಮಾನಿಸಿತು. ಆ ಬಾವಿ ಕಸದ ಕೋಣೆಗಳ ನೇರ ಕೆಳಗಿಲ್ಲ, ನಿಜ. ಆದರೆ ನಮ್ಮ ರೈತನ ಅರ್ಧ ಎಕರೆಯನ್ನು ರಸ್ತೆಗೆಂದು ಹಿಡಿಯುವಾಗ ಸರಕಾರದ ಕೈ ನಡುಗುವುದಿಲ್ಲ. ಅನಿಲದ ಗುತ್ತಿಗೆಯ ಎದುರು ಮಾತ್ರ ಎಲ್ಲ ದೇಶದ ಸರಕಾರಗಳ ಕೈಯೂ ನಡುಗುತ್ತದೆ.

ಉಪ್ಪಿನ ಪದರದಲ್ಲಿ ನೀರು ಹರಿಯುವುದೇ ಇಲ್ಲ ಎಂಬ ವಾದಕ್ಕೂ ಒಂದು ಏಟು ಬಿದ್ದಿದೆ. 1991ರ ಜನವರಿಯಲ್ಲಿ ಪಕ್ಕದ ಲೀ ಜಿಲ್ಲೆಯಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಬಾವಿ ಕೊರೆಯುತ್ತಿದ್ದಾಗ ಇದೇ ಉಪ್ಪಿನ ಪದರದಿಂದ ಉಪ್ಪುನೀರು ನುಗ್ಗಿ ಬಂದು ಅವನ ಬಾವಿ ಹಾಳಾಯಿತು. ಎರಡು ಮೈಲಿಗಿಂತ ದೂರದಲ್ಲಿ ಒಂದು ದೊಡ್ಡ ಕಂಪೆನಿ ಎಣ್ಣೆ ಹಿಂಡಲು ನೆಲದೊಳಗೆ ನೀರು ತಳ್ಳುತ್ತಿತ್ತು. ಅದೇ ಕಾರಣವೆಂದು ಅವನು ಮೊಕದ್ದಮೆ ಹೂಡಿ ಗೆದ್ದ. ಕಸದ ಜಾಗದ ಸುತ್ತಲೂ ಇಂಥ ನೀರು ತಳ್ಳುವ ಬಾವಿಗಳಾದರೆ ಏನು ಗತಿ ಎಂದು ಜನ ಕೇಳಿದರು. ಅಧಿಕಾರಿಗಳ ಬಳಿ ಉತ್ತರವಿತ್ತು. ಆ ಬಾವಿಗಳು ಹಳೆಯವು, ಕೊಳವೆ ತುಕ್ಕು ಹಿಡಿದಿತ್ತು, ಈಗಿನ ನಿಯಮ ಬಿಗಿ ಎಂದರು. ಆ ಉತ್ತರದಲ್ಲಿ ಹುರುಳಿದೆ. ಆದರೆ ಇಂದಿನ ಹೊಸ ಕೊಳವೆ ನಾಳೆ ಹಳೆಯದಾಗುತ್ತದೆ ತಾನೇ?

ಕಾವಲಿನ ಮಾತನ್ನೂ ಕೇಳಿ. ಗಣಿ ಮುಚ್ಚಿದ ಮೇಲೆ ಮೊದಲ ನೂರು ವರ್ಷಕ್ಕಿಂತ ಹೆಚ್ಚಿಗೆ ಕಾವಲುಗಾರರನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಆಮೇಲೆ? ಎತ್ತರದ ಮಣ್ಣಿನ ದಿಣ್ಣೆ ಹಾಕಿ ಗ್ರಾನೈಟಿನ ಕಂಬಗಳನ್ನು ನೆಟ್ಟು ಏಳು ಭಾಷೆಗಳಲ್ಲಿ ಎಚ್ಚರಿಕೆ ಕೆತ್ತುವ ಯೋಜನೆ. ನವಾಹೊ ಎಂಬ ಅಲ್ಲಿಯ ಮೂಲನಿವಾಸಿಗಳ ಭಾಷೆಯೂ ಅದರಲ್ಲಿದೆ. ಅಲ್ಲಿಯ ಆಡಳಿತಕ್ಕೆ ಆ ಭಾಷೆ ನೆನಪಾಗಲು ಪ್ಲುಟೋನಿಯಂ ಬೇಕಾಯಿತು. ಹಲ್ಮಿಡಿಯ ಶಾಸನಕ್ಕೆ ಸುಮಾರು ಸಾವಿರದೈನೂರು ವರ್ಷ. ಅದನ್ನು ಓದಲು ನಮಗೆ ಈಗಲೇ ವಿದ್ವಾಂಸರು ಬೇಕು.

ಇಷ್ಟೆಲ್ಲ ವಾದವಾಗಿ 1999ರ ಮಾರ್ಚ್ 26ರಂದು ಮೊದಲ ಲಾರಿ ಕಸ ಇಳಿಸಿತು. ಹದಿನೈದು ವರ್ಷ ಕೆಲಸ ಸಾಗಿತು. 2014ರ ಫೆಬ್ರವರಿ 5ರಂದು ಗಣಿಯೊಳಗೆ ಉಪ್ಪು ಸಾಗಿಸುವ ಲಾರಿಗೆ ಬೆಂಕಿ ಬಿದ್ದಿತು. ಆರು ಮಂದಿಯನ್ನು ಆಸ್ಪತ್ರೆಗೆ ಒಯ್ದರು. ಲಾರಿಯಲ್ಲಿ ಎಣ್ಣೆ, ಗ್ರೀಸು ಒರೆಸದೆ ಬಿಟ್ಟಿದ್ದರೆಂದು ತನಿಖೆ ಹೇಳಿತು. ಒಂಬತ್ತು ದಿನಗಳಾದ ಮೇಲೆ, 14ರ ರಾತ್ರಿ, ಒಂದು ಪೀಪಾಯಿ ಒಳಗಿಂದ ಕಾದು ಬಾಯಿ ಬಿಟ್ಟಿತು. ಲಾಸ್ ಅಲಮೊಸ್ ಬಾಂಬು ಪ್ರಯೋಗಶಾಲೆಯಿಂದ ಬಂದ ಪೀಪಾಯಿ ಅದು. ದ್ರವ ಹೀರಲೆಂದು ಕಸದ ಜೊತೆ, ಸಾಕಿದ ಬೆಕ್ಕಿನ ಮಲಮೂತ್ರಕ್ಕೆ ಹಾಸುವ ಪುಡಿಯನ್ನು ಬೆರೆಸುತ್ತಿದ್ದರು. ಮಣ್ಣಿನ ಪುಡಿ ಹಾಕಬೇಕಾದಲ್ಲಿ ಗೋಧಿಯಿಂದ ಮಾಡಿದ್ದನ್ನು ಹಾಕಿದ್ದರು. ನೈಟ್ರೇಟಿನೊಡನೆ ಅದು ಸೇರಿ ಕಾವೇರಿತು. ವಿಕಿರಣ ಗಾಳಿಯ ಕೊಳವೆಯಿಂದ ಮೇಲಕ್ಕೂ ಬಂದಿತು. ಮೇಲೆ ಕೆಲಸದಲ್ಲಿದ್ದ ಇಪ್ಪತ್ತಕ್ಕೂ ಹೆಚ್ಚು ಕೆಲಸಗಾರರ ದೇಹದಲ್ಲಿ ಅದರ ಅಂಶ ಕಂಡಿತು. ಪ್ರಮಾಣ ಅಲ್ಪ, ತೊಂದರೆಯಿಲ್ಲ ಎಂದು ಹೇಳಿಕೆ ಬಂದಿತು. ಗಣಿ ಸುಮಾರು ಮೂರು ವರ್ಷ ಮುಚ್ಚಿತು. ರಾಜ್ಯಕ್ಕೆ 7 ಕೋಟಿ ಡಾಲರಿಗೂ ಹೆಚ್ಚು ಮೌಲ್ಯದ ಪರಿಹಾರ ಒಪ್ಪಿಕೊಳ್ಳಬೇಕಾಯಿತು. ಹತ್ತು ಸಾವಿರ ವರ್ಷದ ಲೆಕ್ಕ ಹದಿನೈದನೆಯ ವರ್ಷದಲ್ಲಿ ಒಂದು ಪುಡಿಯ ಮೇಲೆ ಎಡವಿತು.

ಆ ರಾಜ್ಯದಿಂದ ನಾವು ಕಲಿಯಬೇಕಾದ ಒಂದು ಸಂಗತಿಯಿದೆ. 1978ರಲ್ಲಿ ಅಲ್ಲಿ ಒಂದು ಸ್ವತಂತ್ರ ಪರಿಶೀಲನಾ ತಂಡವನ್ನು ಕಟ್ಟಿದರು. ಹಣ ಕೇಂದ್ರದ್ದು, ಆದರೆ ವಿಜ್ಞಾನಿಗಳು ರಾಜ್ಯದ ಪರವಾಗಿ ಪರೀಕ್ಷೆ ಮಾಡುವವರು. ರಾಬರ್ಟ್ ನೀಲ್ ಬಹುಕಾಲ ಅದರ ಮುಖ್ಯಸ್ಥರಾಗಿದ್ದರು. ಅವರು ಯೋಜನೆಯನ್ನು ಬೈದವರೂ ಅಲ್ಲ, ಹೊಗಳಿದವರೂ ಅಲ್ಲ. ಉಪ್ಪುನೀರು, ಎಣ್ಣೆ-ಅನಿಲದ ಬಾವಿ, ಲಾರಿಯ ಪೀಪಾಯಿ ಎಲ್ಲದರ ಮೇಲೂ ಸ್ವಂತ ಲೆಕ್ಕ ಮಾಡಿ ವರದಿ ಅಚ್ಚು ಹಾಕಿ ಯಾರು ಬೇಕಾದರೂ ಓದುವಂತೆ ಮಾಡಿದರು. 2004ರಲ್ಲಿ ಕೇಂದ್ರ ಹಣ ನಿಲ್ಲಿಸಿತು, ತಂಡ ಮುಚ್ಚಿಹೋಯಿತು. ಅವರಿದ್ದಿದ್ದರೆ 2014ರ ಪೀಪಾಯಿಯನ್ನು ತಡೆಯುತ್ತಿದ್ದರೆಂದು ನಾನು ಹೇಳಲಾರೆ. ಕೇಳುವವರು ಒಬ್ಬರು ಕಡಿಮೆಯಾಗಿದ್ದರು ಎಂಬುದಂತೂ ನಿಜ.

ಅಮೆರಿಕದ ಮಾತು ನಮಗೇಕೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಮೂರು ಕಿಲೊಮೀಟರಿಗೂ ಹೆಚ್ಚು ಆಳದ ಗಣಿ, ನೂರು ವರ್ಷಕ್ಕೂ ಮೇಲ್ಪಟ್ಟು ತಲೆಮಾರುಗಳ ಎದೆಯನ್ನು ಧೂಳಿನಿಂದ ತುಂಬಿದ ಗಣಿ. 1980ರ ದಶಕದಲ್ಲೇ ಅಣುಶಕ್ತಿ ಇಲಾಖೆಯವರು ಅಲ್ಲಿ ಸಾವಿರ ಮೀಟರ್ ಆಳದಲ್ಲಿ, ಕಸದ ಕಾವಿಗೆ ಬಂಡೆ ಹೇಗೆ ವರ್ತಿಸುತ್ತದೆಂದು ಪರೀಕ್ಷೆ ಮಾಡಿದ್ದರು. 2012ರ ನವೆಂಬರಿನಲ್ಲಿ ಕೂಡಂಕುಳಂ ಮೊಕದ್ದಮೆ ನಡೆಯುವಾಗ, ಅಣುಸ್ಥಾವರದ ಕಸವನ್ನು ಕೋಲಾರದ ಗಣಿಯಲ್ಲಿಡಬಹುದೆಂಬ ಮಾತು ಸುಪ್ರೀಂ ಕೋರ್ಟಿನಲ್ಲಿ ಸರಕಾರದ ಕಡೆಯಿಂದಲೇ ಬಂದಿತು. ಅದು ಬಾಂಬಿನ ಕಸವಲ್ಲ, ವಿದ್ಯುತ್ ಸ್ಥಾವರದ್ದು. ಕೋಲಾರದಲ್ಲಿ ಅನಿಲವೂ ಇಲ್ಲ. ಆದರೆ ಕೆಲಸ ಕಳೆದುಕೊಂಡ ಗಣಿಯ ಊರು, ಬರಿದಾದ ಆಳದ ತೂತು, ದೂರದಲ್ಲಿ ಕುಳಿತು ನಕ್ಷೆ ನೋಡುವ ಪರಿಣತರು, ಇವು ಮೂರೂ ಕಾರ್ಲ್ಸ್‌ಬ್ಯಾಡಿನವೇ. ಅಲ್ಲಿಯ ಊರು ಬನ್ನಿ ಎಂದಿತು. ನಮ್ಮವರು ಬೇಡ ಎಂದರು. ಬೀದಿಗಿಳಿದರು. ಎಲ್ಲ ಪಕ್ಷದವರೂ ದನಿಗೂಡಿಸಿದರು. ಅಂಥ ಯೋಜನೆಯೇ ಇಲ್ಲವೆಂದು ಸರಕಾರ ಹಿಂದೆ ಸರಿಯಿತು.

ಕೈಗಾದಲ್ಲಿ 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರಿನಲ್ಲಿ ಟ್ರಿಟಿಯಂ ಸೇರಿ 50ಕ್ಕೂ ಹೆಚ್ಚು ಕೆಲಸಗಾರರ ದೇಹಕ್ಕೆ ಹೋಯಿತು. ನ್ಯೂ ಮೆಕ್ಸಿಕೊದ ಅನಿಲದಲ್ಲಿ ಬಂದದ್ದೂ ಇದೇ ಟ್ರಿಟಿಯಂ. ಅಲ್ಪ ಪ್ರಮಾಣ, ತೊಂದರೆಯಿಲ್ಲ ಎಂಬ ಹೇಳಿಕೆ ಇಲ್ಲಿಯೂ ಬಂದಿತು. ಹೇಳಿಕೆ ನಿಜವಿರಬಹುದು. ಅದನ್ನು ಅಳೆದು ನೋಡಲು ಕೆಲಸಗಾರರ ಕಡೆಯ ಒಬ್ಬ ವಿಜ್ಞಾನಿಯೂ ಅಲ್ಲಿ ಇರಲಿಲ್ಲ.

ಆದ್ದರಿಂದ ಅಧ್ಯಕ್ಷರ ಅಪ್ಪಣೆಯಿದ್ದರೆ ಒಂದು ಠರಾವನ್ನು ಮಂಡಿಸುತ್ತೇನೆ. ಕರ್ನಾಟಕದಲ್ಲಿ ಅಣುಶಕ್ತಿಯ ಸ್ಥಾವರ, ಗಣಿ ಅಥವಾ ಕಸದ ಯೋಜನೆ ಎಲ್ಲಿದ್ದರೂ, ಅಣುಶಕ್ತಿ ಇಲಾಖೆಗೆ ಸೇರದ ಒಂದು ಪರಿಶೀಲನಾ ಮಂಡಲಿಯನ್ನು ರಾಜ್ಯವು ನೇಮಿಸಬೇಕು. ಖರ್ಚನ್ನು ಕೇಂದ್ರ ಕೊಡಬೇಕು, ವಿಧಾನಸಭೆಯ ಒಪ್ಪಿಗೆಯಿಲ್ಲದೆ ಅದನ್ನು ನಿಲ್ಲಿಸಕೂಡದು. ಮಂಡಲಿಯಲ್ಲಿ ಕಾರ್ಮಿಕ ಸಂಘದ ಇಬ್ಬರಾದರೂ ಇರಬೇಕು. ವರದಿಗಳು ಕನ್ನಡದಲ್ಲಿ, ಕೋಲಾರದ ಗಣಿ ಪ್ರದೇಶದಲ್ಲಿ ತಮಿಳಿನಲ್ಲಿಯೂ, ಅಚ್ಚಾಗಿ ಪಂಚಾಯಿತಿ ಕಚೇರಿಯಲ್ಲಿ ಸಿಗಬೇಕು. ಗಿರಣಿ ಸಂಘದವರೊಬ್ಬರು ಇದನ್ನು ಅನುಮೋದಿಸಬೇಕೆಂದು ಕೋರುತ್ತೇನೆ.